ಬೆಲ್ಲಕ್ಕೆ ಬೆವರು ಬಂದ ಸಂಜೆ

ಕೊಳ್ಳೇಗಾಲ ಬಸ್ ಸ್ಟ್ಯಾಂಡಿಗೆ ಕೂಗಳತೆ ದೂರದಲ್ಲಿ ಒಂದು ದಿನಸಿ ಅಂಗಡಿ. ಹೊತ್ತು ಸಂಜೆ ಐದೂವರೆ. ಹಿಂಗಾರು ಮಳೆ ಆಗಷ್ಟೇ ಬಿಟ್ಟಿತ್ತು. ಹನೂರು ಬಸ್ಸು ತಪ್ಪಿಸಿಕೊಂಡ ನಾಲ್ಕೈದು ಜನ ಅಂಗಡಿ ಸೂರಿನ ಕೆಳಗೆ ಮುದುರಿ ನಿಂತಿದ್ದರು. ಅವರಲ್ಲಿ ನಾವೂ ಒಬ್ಬರು. ಅಂಗಡಿ ಯಜಮಾನರಿಗೆ ಮಾತ್ರ ಗಿರಾಕಿ ಕಡೆ ಗಮನವೇ ಇಲ್ಲ. ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬೆಲ್ಲದ ಮೂಟೆ ಬಿಚ್ಚಿ, ಒಂದೊಂದೇ ಅಚ್ಚನ್ನು ಬಿಡಿಸಿ ಹಳೇ ಪೇಪರಿನ ಮೇಲೆ ಇಡುತ್ತಿದ್ದರು. ಬಿಡಿಸಿದರೆ ಬರಬೇಕಲ್ಲ! ಒಂದಕ್ಕೊಂದು ಅಂಟಿಕೊಂಡು, ಗೋಣಿಯ ನಾರನ್ನೂ ಎಳೆದುಕೊಂಡು ಬರುತ್ತಿದ್ದವು.

"ಏನ್ ಸಾವ್ಕಾರ್ರೇ, ಬೆಲ್ಲ ಅಳ್ತಾ ಅದಲ್ಲ?" ಅಂದರು ಸೂರಿನ ಕೆಳಗಿದ್ದ ಒಬ್ಬರು.

"ಬೆಲ್ಲ ಅಳಾದಲ್ಲ ಕನಣ್ಣ, ಬೆವರ್ತಾ ಅದ. ಅಳ್ತಾ ಇರೋನು ನಾನು" ಅಂದರು ಯಜಮಾನರು, ತಲೆ ಎತ್ತದೆ. "ಮೂವತ್ತು ಕೆ.ಜಿ. ಮೂಟೆ. ಐದಾರು ಕೆ.ಜಿ. ಗೋಣಿ ಪಾಲು, ಇರುವೆ ಪಾಲು. ಮಿಕ್ಕಿದ್ದು ನೋಡಿ ಗಿರಾಕಿ ಮೂಗು ಮುರೀತಾರ. ಇದ್ರಲ್ಲಿ ನಾನೇನ ಲಾಭ ನೋಡಾದು?"

ಬಸ್ಸು ಬರುವುದಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅಷ್ಟು ಹೊತ್ತು ಆ ಅಂಗಡಿ ಮುಂದೆ ಬೆಲ್ಲದ ಮಾತೇ ಮಾತು. ಆ ಮಾತು ನಮ್ಮನ್ನು ಮರುದಿನ ಯಳಂದೂರು ಕಡೆಯ ಆಲೆಮನೆಯೊಂದಕ್ಕೆ ಎಳೆದುಕೊಂಡು ಹೋಯಿತು, ಅಲ್ಲಿಂದ ನಮ್ಮ ಚಿಕ್ಕವ್ವನ ಅಡುಗೆಮನೆಗೂ ಹೋಯಿತು. ಕೇಳಿಬಂದ ಸಂಗತಿಯನ್ನೇ ಈ ವಾರ ಓದುಗರ ಮುಂದೆ ಇಡುತ್ತಿದ್ದೇವೆ.

ಬೆವರುವುದು ಯಾಕೆ?

ಬೆಲ್ಲ ಅಂದರೆ ಕಬ್ಬಿನ ಹಾಲನ್ನು ಕಾಯಿಸಿ ನೀರು ಹಾರಿಸಿ ಗಟ್ಟಿ ಮಾಡಿದ್ದು. ಇದು ಎಲ್ಲರಿಗೂ ಗೊತ್ತು. ಅದರಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ. ಜೊತೆಗೆ ಗ್ಲೂಕೋಸು, ಫ್ರಕ್ಟೋಸು ಅಂತ ಇನ್ನೆರಡು ಸಣ್ಣ ಸಕ್ಕರೆ, ಒಂದಿಷ್ಟು ಉಪ್ಪಿನಂಶ, ಒಂದಿಷ್ಟು ನೀರು. ಈ ಸಣ್ಣ ಸಕ್ಕರೆಗಳದ್ದೇ ಕಿತಾಪತಿ. ಗಾಳಿಯಲ್ಲಿ ತೇವ ಜಾಸ್ತಿ ಆಯಿತೋ, ಸುತ್ತಲಿನ ನೀರನ್ನು ಎಳೆದುಕೊಂಡು ಕೂರುತ್ತವೆ. ಬೆಲ್ಲದ ಮೈ ಮೊದಲು ಜಿಗುಟಾಗುತ್ತದೆ, ಆಮೇಲೆ ತೊಟ್ಟಿಕ್ಕುತ್ತದೆ. ನೀರು ಸೇರಿದ ಮೇಲೆ ಬೂಷ್ಟು ಬರುತ್ತದೆ, ಹುಳಿ ವಾಸನೆ ಹೊಡೆಯುತ್ತದೆ. ಅಲ್ಲಿಗೆ ಕತೆ ಮುಗಿಯಿತು.

ಮೈಸೂರು ಸೀಮೆಯ ಬೇರೆ ಕಡೆ ಆಷಾಢ, ಶ್ರಾವಣದ ಜಡಿಮಳೆಗೆ ಬೆಲ್ಲ ಕೆಡುತ್ತದೆ ಅನ್ನುತ್ತಾರೆ. ನಮ್ಮ ಚಾಮರಾಜನಗರ ಜಿಲ್ಲೆಯ ಮಳೆಯ ರೀತಿ ಬೇರೆ. ಮೇ ತಿಂಗಳಲ್ಲಿ ಒಂದು ಸಲ, ಆಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಂದು ಸಲ ಜೋರು. ಆ ಎರಡನೇ ಮಳೆಯ ಬೆನ್ನಿಗೇ ದೀಪಾವಳಿ. ಅಂದರೆ ಬೆಲ್ಲ ಕೆಡುವ ಕಾಲಕ್ಕೇ ಬೆಲ್ಲ ಹೆಚ್ಚು ಖರ್ಚಾಗುವ ಹಬ್ಬ! ಅಂಗಡಿಯವರು ಮೂಟೆ ತುಂಬಿಸಿಕೊಳ್ಳದೇ ಇದ್ದರೆ ವ್ಯಾಪಾರ ಇಲ್ಲ, ತುಂಬಿಸಿಕೊಂಡರೆ ನೆಮ್ಮದಿ ಇಲ್ಲ.

ಆದರೆ ಎಲ್ಲ ಬೆಲ್ಲವೂ ಒಂದೇ ಸಮ ಬೆವರುವುದಿಲ್ಲ. ಅದೇ ಅಂಗಡಿಯಲ್ಲಿ, ಅದೇ ಮೂಲೆಯಲ್ಲಿ, ಪಕ್ಕದ ಮೂಟೆಯ ಕೆಂಚು ಉಂಡೆ ಬೆಲ್ಲ ಕಲ್ಲಿನಂತೆ ಕೂತಿತ್ತು. ಹಳದಿ ಅಚ್ಚು ಮಾತ್ರ ನೀರು ಬಿಟ್ಟಿತ್ತು. ಯಾಕೆ ಹೀಗೆ ಅಂತ ಯಜಮಾನರನ್ನು ಕೇಳಿದರೆ, "ಅದ ಆಲೆಮನೇಲಿ ಕೇಳ್ಬೇಕು ಸಾರ್" ಅಂದರು. ಸರಿ, ಕೇಳೇ ಬಿಡೋಣ ಅಂತ ಹೊರಟೆವು.

ಕೊಪ್ಪರಿಗೆ ಮುಂದೆ

ಯಳಂದೂರು ತಾಲ್ಲೂಕು ನೋಡಲು ಚಿಕ್ಕದು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಸೀಮೆ. ಬಿಳಿಗಿರಿರಂಗನ ಬೆಟ್ಟದ ತಪ್ಪಲು, ಹೊನ್ನುಹೊಳೆ ಅಂದರೆ ಸುವರ್ಣಾವತಿ ಹರಿಯುವ ಜಾಗ. ನೀರು ಇದ್ದಲ್ಲಿ ಭತ್ತ, ಕಬ್ಬು. ಕೊಳ್ಳೇಗಾಲ ತಾಲ್ಲೂಕಿಗೆ ಕಾವೇರಿ ಇದೆ. ಹನೂರು ಕಡೆ ಮಾತ್ರ ಮಳೆ ನಂಬಿದ ಜಮೀನೇ ಜಾಸ್ತಿ. ರಾಗಿ, ಮುಸುಕಿನ ಜೋಳ. ಹೀಗಾಗಿ ಹನೂರಿನವರು ಬೆಲ್ಲ ತಿನ್ನುವವರು, ಯಳಂದೂರು, ಕೊಳ್ಳೇಗಾಲದವರು ತಿನ್ನುವವರೂ ಹೌದು, ಬೇಯಿಸುವವರೂ ಹೌದು.

ಒಂದು ಹಳೇ ಸಂಗತಿ ಇಲ್ಲೇ ಹೇಳಿಬಿಡಬೇಕು. 1956ರ ನವೆಂಬರ್ ಒಂದನೇ ತಾರೀಖಿನವರೆಗೂ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದೇ ಕೊಯಮತ್ತೂರಿನಲ್ಲಿ 1912ರಲ್ಲಿ ಕಬ್ಬಿನ ತಳಿ ಸಂಸ್ಥೆ ಶುರುವಾಯಿತು. ಇಂಡಿಯಾ ಪೂರ್ತಿ ಹರಡಿದ 'ಕೊ' ನಂಬರಿನ ಕಬ್ಬುಗಳು ಅಲ್ಲಿನವೇ. 'ಕೊ' ಅಂದರೆ ಕೊಯಮತ್ತೂರು ಅಂತ ಅರ್ಥ. ಕೊ-419 ಅನ್ನುವ ಕಬ್ಬನ್ನು ಹಳೇ ರೈತರು ಇವತ್ತಿಗೂ ಹೆಸರು ಹಿಡಿದು ನೆನೆಸುತ್ತಾರೆ. ಆಮೇಲೆ ಕೊ-62175 ಬಂತು. ಈಗ ಮಂಡ್ಯದ ವಿ.ಸಿ. ಫಾರಂನ ವಿ.ಸಿ.ಎಫ್-0517 ಬಹಳ ಕಡೆ ಬೆಳೆದಿದೆ. ಕೊಳ್ಳೇಗಾಲ ಮೈಸೂರಿಗೆ ಸೇರಿ ಎಷ್ಟೋ ವರ್ಷವಾಯಿತು, ಗದ್ದೆಯ ಕಬ್ಬು ಮಾತ್ರ ಹಳೇ ಜಿಲ್ಲೆಯ ಹೆಸರು ಹೊತ್ತುಕೊಂಡೇ ಇತ್ತು!

ಆಲೆಮನೆಗೆ ಹೋದಾಗ ಬೆಳಗಿನ ಎಂಟು ಗಂಟೆ. ಎರಡನೇ ಕೊಪ್ಪರಿಗೆ ಏರಿತ್ತು. ಕಬ್ಬಿನ ಹಾಲು ಕುದಿ ಬಂದು ಮೇಲೆ ಮಡ್ಡಿ ಕಟ್ಟಿತ್ತು. ಒಬ್ಬರು ಉದ್ದ ಹಿಡಿಯ ಜಾಲರಿಯಲ್ಲಿ ಆ ಮಡ್ಡಿ ತೆಗೆಯುತ್ತಿದ್ದರು. ಒಲೆಗೆ ಉರುವಲು ಅಂದರೆ ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯೇ. ಪಾಕ ನೋಡುವ ಹಿರಿಯರು ಪಕ್ಕದಲ್ಲಿ ಬೀಡಿ ಹಚ್ಚಿ ಕೂತಿದ್ದರು. ಐವತ್ತು ವರ್ಷದಿಂದ ಇದೇ ಕೆಲಸವಂತೆ. ಎತ್ತಿನ ಗಾಣ ಇದ್ದಾಗಿನಿಂದ, ಡೀಸೆಲ್ ಎಂಜಿನ್ ದಾಟಿ, ಈಗ ಕರೆಂಟಿನ ಮೋಟಾರಿನವರೆಗೆ.

"ಬೆಲ್ಲ ಕೆಡಾದು ಅಂಗ್ಡೀಲಿ ಅಲ್ಲ ಬುದ್ಧಿ, ಗದ್ದೇಲೇ ಅರ್ಧ ಕೆಟ್ಟೋಗಿರ್ತದ" ಅಂದರು.

ಅವರು ವಿವರಿಸಿದ್ದು ಹೀಗೆ. ಕಡಿದ ಕಬ್ಬನ್ನು ಒಂದು ದಿನದೊಳಗೆ ಗಾಣಕ್ಕೆ ಕೊಡಬೇಕು. ತಡ ಮಾಡಿದಷ್ಟೂ ಕಬ್ಬಿನೊಳಗಿನ ಸಕ್ಕರೆ ಒಡೆದು ಆ ಸಣ್ಣ ಸಕ್ಕರೆಗಳಾಗುತ್ತದೆ. ಬಿದ್ದ ಕಬ್ಬು, ನೀರು ನಿಂತ ಕಬ್ಬು, ವಯಸ್ಸು ಮೀರಿದ ಕಬ್ಬು, ಎಲ್ಲದರದ್ದೂ ಇದೇ ಹಣೆಬರಹ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ದಾಸನಪುರ, ಮುಳ್ಳೂರು ಕಡೆಯ ಜಮೀನಿಗೆಲ್ಲ ನೀರು ನುಗ್ಗಿದ್ದು ಓದುಗರಿಗೆ ನೆನಪಿರಬಹುದು. ಹಾಗೆ ನೀರಲ್ಲಿ ನಿಂತು ಮಲಗಿದ ಕಬ್ಬಿನಿಂದ ಬೆಲ್ಲ ಬೇಯಿಸಿದರೆ ಅದು ಅಚ್ಚು ಹಿಡಿಯುವುದೇ ಕಷ್ಟ. ಹಿಡಿದರೂ ಮೊದಲ ಮಳೆಗೇ ಕರಗುತ್ತದೆ.

ಎರಡನೆಯದು ಸುಣ್ಣ. ಕಬ್ಬಿನ ಹಾಲಿಗೆ ಸ್ವಲ್ಪ ಹುಳಿ ಗುಣ ಇರುತ್ತದೆ. ತಿಳಿ ಸುಣ್ಣದ ನೀರು ಬಿಟ್ಟು ಅದನ್ನು ಮುರಿಯಬೇಕು. ಕಮ್ಮಿ ಆದರೆ ಬೆಲ್ಲ ಮೆತ್ತಗೆ, ಜಾಸ್ತಿ ಆದರೆ ಕಪ್ಪಗೆ. ಕಸ ಮೇಲೆ ತರುವುದಕ್ಕೆ ಬೆಂಡೆ ಗಿಡದ ಕಾಂಡ ಜಜ್ಜಿ ನೆನೆಸಿದ ಲೋಳೆ. ಮೂರನೆಯದು ಪಾಕ. ಗಟ್ಟಿ ಬೆಲ್ಲಕ್ಕೆ ಸುಮಾರು 118 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು ಅಂತ ಪುಸ್ತಕ ಹೇಳುತ್ತದೆ. ನಮ್ಮ ಹಿರಿಯರ ಹತ್ತಿರ ಥರ್ಮಾಮೀಟರ್ ಎಲ್ಲಿಂದ ಬರಬೇಕು? ಕೋಲಿನ ತುದಿಯ ಪಾಕವನ್ನು ತಣ್ಣೀರಿಗೆ ಅದ್ದಿ, ಬೆರಳಲ್ಲಿ ಉಂಡೆ ಮಾಡಿ, ತಟ್ಟೆಗೆ ಎಸೆದು ಅದರ ಶಬ್ದ ಕೇಳಿ "ಇಳಿಸ್ರಪ್ಪ" ಅನ್ನುತ್ತಾರೆ. ಒಂದೆರಡು ನಿಮಿಷ ಹೆಚ್ಚು ಕಮ್ಮಿ ಆದರೆ ಇಡೀ ಕೊಪ್ಪರಿಗೆ ಹೋಯಿತು.

ಅಂದಹಾಗೆ, ಬೇಗ ಇಳಿಸುವುದೂ ಒಂದು ವಿದ್ಯೆಯೇ. ಮಲೆನಾಡಿನ ಸಾಗರ, ಶಿರಸಿ ಕಡೆ 105, 106 ಡಿಗ್ರಿಗೇ ಇಳಿಸಿ ಜೇನಿನಂತೆ ಸುರಿಯುವ ಜೋನಿ ಬೆಲ್ಲ ಮಾಡಿ ಡಬ್ಬದಲ್ಲಿ ಇಡುತ್ತಾರೆ. ಆ ಮಳೆಯಲ್ಲಿ ಗಟ್ಟಿ ಬೆಲ್ಲ ಕಾಪಾಡುವ ತಲೆನೋವೇ ಬೇಡ ಅಂತ ಇರಬೇಕು. ಬೆಲ್ಲ ಹೇಗೂ ಕರಗುವುದಾದರೆ ನಾವೇ ಕರಗಿಸಿ ಇಟ್ಟುಕೊಳ್ಳೋಣ ಅನ್ನುವ ಜಾಣತನ!

ಹಳದಿಯ ಮೋಹ

ಈಗ ಬೆವರಿದ ಹಳದಿ ಅಚ್ಚಿನ ವಿಷಯಕ್ಕೆ ಬರೋಣ. ನಮ್ಮ ಗಿರಾಕಿಗಳಿಗೆ ಬೆಲ್ಲ ಚಿನ್ನದ ಬಣ್ಣದಲ್ಲೇ ಇರಬೇಕು. ಕೆಂಚಗಿದ್ದರೆ "ಹಳೇದು" ಅನ್ನುತ್ತಾರೆ, ಕಪ್ಪಗಿದ್ದರೆ "ದನಕ್ಕೆ ಹಾಕೋದು" ಅನ್ನುತ್ತಾರೆ. ಮಂಡಿಯಲ್ಲಿ ದರ ಕೂಗುವುದೂ ಬಣ್ಣ ನೋಡಿಯೇ. ಆಲೆಮನೆಯವರು ಏನು ಮಾಡಬೇಕು? ಹೈಡ್ರೋಸ್ ಹಾಕುತ್ತಾರೆ.

ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕುವ, ಬಣ್ಣ ತೆಗೆಯುವ ಕೆಲಸದವರಿಗೆ ಈ ಪುಡಿ ಚೆನ್ನಾಗಿ ಗೊತ್ತು. ರೇಷ್ಮೆ ಸೀರೆಗೆ ಹೆಸರಾದ ಕೊಳ್ಳೇಗಾಲಕ್ಕೆ ಇದನ್ನು ಪರಿಚಯ ಮಾಡಿಕೊಡುವ ಅಗತ್ಯವೇ ಇಲ್ಲ. ಬಟ್ಟೆಯ ಬಣ್ಣ ತೆಗೆಯುವ ಪುಡಿ ಬೆಲ್ಲದ ಬಣ್ಣವನ್ನೂ ತೆಗೆಯುತ್ತದೆ, ಅಷ್ಟೇ. ಕೊಪ್ಪರಿಗೆಗೆ ಒಂದು ಹಿಡಿ ಬಿದ್ದರೆ ಸಾಕು, ಕಂದು ಪಾಕ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಬೆಲ್ಲದಲ್ಲಿ ಉಳಿಯುವ ಗಂಧಕದ ಅಂಶಕ್ಕೆ ಕಾನೂನಿನಲ್ಲಿ ಮಿತಿ ಇದೆ. ಆದರೆ ಕೊಪ್ಪರಿಗೆಗೆ ಬೀಳುವ ಹಿಡಿಯನ್ನು ಅಳೆಯುವವರು ಯಾರು? ದಮ್ಮು, ಉಬ್ಬಸದ ಕಾಯಿಲೆ ಇರುವವರಲ್ಲಿ ಕೆಲವರಿಗೆ ಈ ಗಂಧಕದ ಅಂಶ ಆಗುವುದಿಲ್ಲ ಅನ್ನುವುದನ್ನು ಮಾತ್ರ ಮರೆಯಬಾರದು.

ತಮಾಷೆ ಏನೆಂದರೆ, ಈ ಹಳದಿ ನಿಲ್ಲುವುದೂ ಇಲ್ಲ. ದಿನ ಕಳೆದಂತೆ ಗಾಳಿ ತಾಗಿ ಬಣ್ಣ ಮತ್ತೆ ಕಂದುತ್ತದೆ. ಚಿನ್ನ ಅಂತ ತಂದದ್ದು ಡಬ್ಬದಲ್ಲಿ ತಾಮ್ರವಾಗಿರುತ್ತದೆ. ಅಂಗಡಿಯವರ ಮೇಲೆ ಜಗಳ!

ಹೈಡ್ರೋಸಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಓದುಗರು ಒಸಿ ಲೆಕ್ಕ ಹಾಕಬೇಕು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಾರ್ಖಾನೆಗಳಿಗೆ ಗೊತ್ತು ಮಾಡಿದ ಕಬ್ಬಿನ ದರ ಕ್ವಿಂಟಲ್‌ಗೆ 355 ರೂಪಾಯಿ. ಅದೂ ಶೇ. 10.25 ಇಳುವರಿ ಇದ್ದರೆ. ಇಳುವರಿ ಇಳಿದರೆ ದರವೂ ಇಳಿಯುತ್ತದೆ. ಅಂದರೆ ಟನ್ನಿಗೆ 3,550. ಒಂದು ಟನ್ ಕಬ್ಬಿಗೆ ಸಿಗುವ ಬೆಲ್ಲ ಸುಮಾರು ನೂರು ಕೆ.ಜಿ. ರೈತನಿಗೆ ಕಾರ್ಖಾನೆಯಷ್ಟೇ ದರ ಕೊಟ್ಟರೆ ಒಂದು ಕೆ.ಜಿ. ಬೆಲ್ಲಕ್ಕೆ ಕಬ್ಬಿನ ಅಸಲೇ ಮೂವತ್ತೈದೂವರೆ ರೂಪಾಯಿ. ಕೂಲಿ, ಕರೆಂಟು, ಸಾಗಾಣಿಕೆ, ಮಂಡಿ ಖರ್ಚು, ಅಂಗಡಿಯವರ ನಾಲ್ಕು ಕಾಸು ಇನ್ನೂ ಬಾಕಿ. ಅತ್ತ ಸಕ್ಕರೆಗೆ ಕಾರ್ಖಾನೆ ಬಾಗಿಲಲ್ಲಿ ಕನಿಷ್ಠ ದರ ಅಂತ 2019ರ ಫೆಬ್ರವರಿಯಲ್ಲಿ ಗೊತ್ತಾದದ್ದು ಕೆ.ಜಿ.ಗೆ 31 ರೂಪಾಯಿ. ಯಾವಾಗೆಲ್ಲ ಸಕ್ಕರೆ ಬೆಲ್ಲಕ್ಕಿಂತ ಅಗ್ಗವೋ ಆವಾಗೆಲ್ಲ ಕೊಪ್ಪರಿಗೆಗೆ ಸಕ್ಕರೆ ಮೂಟೆ ಸುರಿಯುವ ಚಪಲ ಹುಟ್ಟುತ್ತದೆ. ಮಂಡ್ಯ ಕಡೆ ಇದು ಗುಟ್ಟಾಗಿಯೇನೂ ಉಳಿದಿಲ್ಲ. ಪತ್ರಿಕೆಗಳಲ್ಲಿ ಬಂದಿದೆ, ಅಧಿಕಾರಿಗಳ ದಾಳಿಯೂ ಆಗಿದೆ.

ಹೀಗಾಗಿ ಬೆಲ್ಲ ತೀರ ಅಗ್ಗ ಅಂತ ಯಾರಾದರೂ ಕೂಗಿದರೆ ಎರಡರಲ್ಲಿ ಒಂದು: ರೈತನಿಗೆ ಕಬ್ಬಿನ ದರ ಸಿಕ್ಕಿಲ್ಲ, ಇಲ್ಲವೇ ಮೂಟೆಯಲ್ಲಿರುವುದು ಪೂರಾ ಬೆಲ್ಲವಲ್ಲ. ನಮ್ಮ ರೈತರ ಗೋಳೂ ಸಣ್ಣದಲ್ಲ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕೊಡೋಣ ಅಂದರೆ ಕಡಿಯುವ ಸರದಿಗೆ ಕಾಯಬೇಕು. ಆಲೆಮನೆಗೆ ಕೊಟ್ಟರೆ ಕೈಗೆ ಬೇಗ ಕಾಸು, ಆದರೆ ದರಕ್ಕೆ ಖಾತ್ರಿ ಇಲ್ಲ. ನಾವು ಹೋಗಿದ್ದ ಆಲೆಮನೆಯ ಯಜಮಾನರು ಬಾಯಿ ಬಿಟ್ಟು ಹೇಳಿದರು: "ಔಷಧಿ ಹಾಕ್ದೆ ಕೆಂಚು ಬೆಲ್ಲ ಮಾಡ್ದೊ. ಮಂಡೀಲಿ ಕೇಳೋರೇ ಇಲ್ಲ. ಈಗ ಗುರ್ತಿನ ಹತ್ತಾರು ಮನೆಯವ್ರು ಇಲ್ಲಿಗೇ ಬಂದು ತಕ್ಕಂಡೋಯ್ತಾರ. ಅಷ್ಟಕ್ಕೇ ಬೇರೆ ಕೊಪ್ಪರಿಗೆ ಇಳಿಸ್ತೀವಿ." ಮಿಕ್ಕಿದ್ದಕ್ಕೆ? ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಮೂಲೆಯಲ್ಲಿ ಒಂದು ತಗಡಿನ ಡಬ್ಬ ಮುಚ್ಚಿಟ್ಟಿತ್ತು.

ಕಜ್ಜಾಯ ಕೈ ಕೊಟ್ಟದ್ದು

ಇದನ್ನೆಲ್ಲ ನಾವು ಬೇರೆಯವರ ಮೇಲೆ ಹೊರಿಸಿ ಬರೆಯುತ್ತಿಲ್ಲ, ನಮ್ಮ ಮನೆಯಲ್ಲೇ ನಡೆದ ಸಂಗತಿ ಇದೆ. ಹೋದ ದೀಪಾವಳಿಗೆ ಚಿಕ್ಕವ್ವ ಕಜ್ಜಾಯಕ್ಕೆ ಕೂತರು. ನಲವತ್ತು ವರ್ಷ ಕಜ್ಜಾಯ ಸುಟ್ಟ ಕೈ. ನಾವೇ ಪೇಟೆಯ ಒಂದು ಅಂಗಡಿಯಿಂದ ಒಳ್ಳೇ ಹಳದಿ ಅಚ್ಚು ಆರಿಸಿ ತಂದಿದ್ದೆವು. ಅಕ್ಕಿ ನೆನೆಸಿ, ನೀರು ಬಸಿದು, ನೆರಳಲ್ಲಿ ಆರಿಸಿ, ಕೈಗೆ ಪಸೆ ಅಂಟುವಾಗಲೇ ಹಿಟ್ಟು ಮಾಡಿಸಿದ್ದಾಯಿತು. ಕೆ.ಜಿ. ಅಕ್ಕಿಗೆ ಮುಕ್ಕಾಲು ಕೆ.ಜಿ. ಬೆಲ್ಲ. ಪಾಕ ತಣ್ಣೀರಲ್ಲಿ ಮೆತ್ತನೆ ಉಂಡೆ ಬರುವ ಹೊತ್ತಿಗೆ ಇಳಿಸಿ, ಎಳ್ಳು, ಗಸಗಸೆ, ಏಲಕ್ಕಿ ಹಾಕಿ ಹಿಟ್ಟು ಕಲಸಿದರು. ಒಂದು ದಿನ ಮುಚ್ಚಿಟ್ಟರು. ಮರುದಿನ ನೋಡಿದರೆ ಹಿಟ್ಟು ಮರಳು ಮರಳು! ತಟ್ಟಲು ಹೋದರೆ ಅಂಚು ಸೀಳುತ್ತದೆ, ಎಣ್ಣೆಗೆ ಬಿಟ್ಟರೆ ಬಿರುಕು ಬಿಡುತ್ತದೆ.

"ಇದು ಬೆಲ್ಲ ಅಲ್ಲ ಕನಪ್ಪ, ಸಕ್ಕರೆ ಪಾಕ ಆರ್ದಂಗೆ ಆರದ" ಅಂದರು ಚಿಕ್ಕವ್ವ. ಒಳ್ಳೇ ಬೆಲ್ಲದ ಪಾಕದಲ್ಲಿ ಆ ಸಣ್ಣ ಸಕ್ಕರೆಗಳು ಇರುವುದರಿಂದ ಹರಳು ಕಟ್ಟುವುದಿಲ್ಲ, ಹಿಟ್ಟು ಹಸುಳೆಯ ಕೆನ್ನೆಯಂತೆ ಮೆತ್ತಗೆ ಕೂರುತ್ತದೆ. ಸಕ್ಕರೆ ಜಾಸ್ತಿ ಇದ್ದರೆ ಹರಳು ಕಟ್ಟಿ ಗಡುಸಾಗುತ್ತದೆ. ಅಂಗಡಿಗೆ ಹೋಗಿ ಕೇಳಿದೆವು. "ಮಂಡಿಯಿಂದ ಬಂದದ್ದು, ನಮಗೇನು ಗೊತ್ತು" ಅಂದರು. ಅದೂ ನಿಜವೇ ಇರಬಹುದು. ಆ ವರ್ಷ ಹೊಸ ಅಳಿಯನ ಮುಂದೆ ಚಿಕ್ಕವ್ವನ ತಲೆ ತಗ್ಗಿದ್ದು ಮಾತ್ರ ನಮಗೆ ಮರೆತಿಲ್ಲ. ಬಣ್ಣ ನೋಡಿ ಆರಿಸಿದವರು ನಾವೇ ತಾನೆ!

ಅದಕ್ಕೇ ಚಿಕ್ಕವ್ವ ಈಗ ಬೆಲ್ಲವನ್ನು ಮುರಿದು ನೋಡುತ್ತಾರೆ. ಮುರಿದ ಮುಖದಲ್ಲಿ ಮಿಣ ಮಿಣ ಹರಳು ಹೊಳೆದರೆ ಬೇಡ. ಚೂರು ಬಾಯಿಗೆ ಹಾಕಿಕೊಳ್ಳುತ್ತಾರೆ. ಉಪ್ಪುಪ್ಪಾಗಿದ್ದರೆ ಹಳೇ ಬೆಲ್ಲ, ಇಲ್ಲವೇ ಚೌಳು ನೆಲದ ಕಬ್ಬು. ಒಂದು ತುಂಡನ್ನು ಲೋಟದ ನೀರಿನಲ್ಲಿ ಕರಗಿಸಿ ಇಡುತ್ತಾರೆ. ತಳದಲ್ಲಿ ಸುಣ್ಣದಂತೆ ಬಿಳಿ ಕೂತರೆ ಸೀಮೆಸುಣ್ಣದ ಪುಡಿಯ ಅನುಮಾನ. ಸ್ವಲ್ಪ ಕಸ ಕೂತರೆ ಅದಕ್ಕೆ ಹೆದರಬೇಕಾಗಿಲ್ಲ, ಶೋಧಿಸಿದರೆ ಹೋಗುತ್ತದೆ.

ಅಡುಗೆಯ ಮಾತು ಬಂತಲ್ಲ, ಅವರು ಹೇಳಿದ ಇನ್ನೆರಡು ಸಂಗತಿ ಹೇಳಿಯೇ ಮುಂದಕ್ಕೆ ಹೋಗೋಣ. ಪಾಯಸಕ್ಕೆ ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆ ಅಂತ ಎಷ್ಟೋ ಮನೆಯ ಹೊಸ ಸೊಸೆಯರು ಬೈಸಿಕೊಂಡಿದ್ದಾರೆ. ತಪ್ಪು ಸೊಸೆಯದ್ದಲ್ಲ, ಬೆಲ್ಲದ ಹುಳಿ ಗುಣದ್ದು. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಸ್ವಲ್ಪ ನೀರು ಹಾಕಿ ಕರಗಿಸಿ, ಶೋಧಿಸಿ, ಆರಲು ಬಿಡಬೇಕು. ಪಾಯಸವನ್ನೂ ಒಲೆಯಿಂದ ಇಳಿಸಿ ಬಿಸಿ ಕಳೆದ ಮೇಲೆ ಎರಡನ್ನೂ ಸೇರಿಸಬೇಕು. ಸೇರಿಸಿದ ಮೇಲೆ ಮತ್ತೆ ಕುದಿಸಬಾರದು. ಬೆಲ್ಲದ ಕಾಪಿಗೂ ಇದೇ ದಾರಿ: ಡಿಕಾಕ್ಷನ್ನಿಗೆ ಬೆಲ್ಲ, ಕೊನೆಗೆ ಹಾಲು. ಇನ್ನೊಂದು, ಒಬ್ಬಟ್ಟಿನ ಬೇಳೆಗಾಗಲಿ ಹುಳಿಯ ಬೇಳೆಗಾಗಲಿ ಅದು ಪೂರಾ ಬೇಯುವ ಮೊದಲು ಬೆಲ್ಲ ಹಾಕಿದರೆ ಆಮೇಲೆ ಎಷ್ಟು ಉರಿ ಕೊಟ್ಟರೂ ಬೇಳೆ ಮೆತ್ತಗಾಗುವುದಿಲ್ಲ. ಗ್ಯಾಸ್ ಖರ್ಚು ಬೇರೆ. ಬೇಳೆ ಬೆರಳಿಗೆ ನುರಿದ ಮೇಲೆ ಬೆಲ್ಲ.

ಸಕ್ಕರೆ ಕಾಯಿಲೆಯವರಿಗೆ ಒಂದು ಕಿವಿಮಾತು. "ಸಕ್ಕರೆ ಬಿಟ್ಟು ಬೆಲ್ಲ ತಿಂತಾ ಇದೀನಿ" ಅಂತ ಬಸ್ಸಿನಲ್ಲಿ ಹೆಮ್ಮೆಯಿಂದ ಹೇಳುವವರನ್ನು ದಿನಾ ನೋಡುತ್ತೇವೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರುವುದು ನಿಜ. ಆದರೆ ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಅದು ಸಕ್ಕರೆಯ ಅಣ್ಣನೇ. ಡಾಕ್ಟರು ಸಿಹಿ ಬೇಡ ಅಂದಿದ್ದರೆ ಬೆಲ್ಲವೂ ಬೇಡ.

ಕೂಡಿಡುವುದು ಹೇಗೆ?

ಹಿಂದೆ ನಮ್ಮ ಮನೆಗಳಲ್ಲಿ ಬೆಲ್ಲ ಇರುತ್ತಿದ್ದದ್ದು ಒಲೆಯ ಮೇಲಿನ ಅಟ್ಟದಲ್ಲಿ. ಒಣಗಿದ ಮಡಕೆ, ತಳದಲ್ಲಿ ಕಬ್ಬಿನ ತರಗು ಇಲ್ಲವೇ ಒಣ ಹುಲ್ಲು, ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಸಗಣಿ ಮಣ್ಣು ಮೆತ್ತುವುದು. ಕೆಳಗೆ ದಿನಾ ಎರಡು ಹೊತ್ತು ಒಲೆ ಉರಿಯುತ್ತಿತ್ತು, ಹೊಗೆಯ ಬೆಚ್ಚಗೆ ತೇವವನ್ನು ಹತ್ತಿರ ಬಿಡುತ್ತಿರಲಿಲ್ಲ. ಈಗ ಅಟ್ಟವೂ ಇಲ್ಲ, ಸೌದೆ ಒಲೆಯೂ ಇಲ್ಲ. ಆದರೆ ಸೂತ್ರ ಅದೇ: ಒಣ ಪಾತ್ರೆ, ಬಿಗಿ ಮುಚ್ಚಳ, ಕಮ್ಮಿ ಗಾಳಿ.

ಮನೆಗೆ ತಂದ ಬೆಲ್ಲವನ್ನು ಪ್ಲಾಸ್ಟಿಕ್ ಕವರಿನಲ್ಲೇ ಬಿಡಬೇಡಿ. ಪೇಪರಿನಲ್ಲಿ ಸುತ್ತಿ, ಸ್ಟೀಲ್ ಡಬ್ಬ ಇಲ್ಲವೇ ಗಾಜಿನ ಜಾಡಿಯಲ್ಲಿ ಇಡಿ. ದಿನದ ಖರ್ಚಿಗೆ ಚಿಕ್ಕ ಡಬ್ಬ ಬೇರೆ ಇರಲಿ, ದೊಡ್ಡದನ್ನು ಪದೇ ಪದೇ ತೆಗೆಯಬಾರದು. ಒದ್ದೆ ಚಮಚ, ಒದ್ದೆ ಕೈ ಒಳಗೆ ಹೋಗಕೂಡದು. ಇರುವೆಗೆ ಹೆದರಿ ಡಬ್ಬವನ್ನು ನೀರಿನ ತಟ್ಟೆಯಲ್ಲಿ ಇಡುವವರಿದ್ದಾರೆ. ಮುಚ್ಚಳ ಬಿಗಿ ಇದ್ದರೆ ಸರಿ. ಸಡಿಲ ಇದ್ದರೆ ಇರುವೆಗೆ ಬೇಲಿ ಹಾಕಿ ತೇವಕ್ಕೆ ಬಾಗಿಲು ತೆಗೆದಂತೆ. ಫ್ರಿಜ್ಜಿನಲ್ಲಿ ಇಡಬಹುದು, ತಂಪಿಗೆ ಬಣ್ಣವೂ ಕಂದುವುದಿಲ್ಲ. ಆದರೆ ಡಬ್ಬ ಹೊರಗೆ ತೆಗೆದ ತಕ್ಷಣ ಮುಚ್ಚಳ ಬಿಚ್ಚಿದರೆ ತಣ್ಣಗಿನ ಬೆಲ್ಲದ ಮೇಲೆ ಗಾಳಿಯ ನೀರು ಇಬ್ಬನಿಯಂತೆ ಕೂರುತ್ತದೆ. ತಣ್ಪು ಹೋಗುವ ತನಕ ಕಾಯಬೇಕು.

ಅಂಗಡಿಯವರ ಪಾಡು ಬೇರೆ. ಮೂಟೆ ಲೆಕ್ಕದಲ್ಲಿ ಇಡಬೇಕು. ಮೊದಲ ತಪ್ಪು ಅಂದರೆ ಮೂಟೆಯನ್ನು ಸಿಮೆಂಟ್ ನೆಲದ ಮೇಲೆ, ಗೋಡೆಗೆ ಒರಗಿಸಿ ಇಡುವುದು. ಮಳೆಗಾಲದಲ್ಲಿ ನೆಲವೂ ಗೋಡೆಯೂ ತೇವ ಉಗುಳುತ್ತವೆ. ಕೆಳಗೆ ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ಈಚೆ ಇಡಬೇಕು. ಎರಡನೆಯದು, ಉಪ್ಪಿನ ಮೂಟೆ ಪಕ್ಕ. ಉಪ್ಪೂ ನೀರೆಳೆಯುವ ಜಾತಿ, ಇಬ್ಬರೂ ಸೇರಿದರೆ ಅಂಗಡಿ ಕೆರೆ! ಸೋಪು, ಊದುಬತ್ತಿ, ಒಣಮೆಣಸಿನಕಾಯಿ ಹತ್ತಿರವೂ ಬೇಡ, ಬೆಲ್ಲ ವಾಸನೆ ಹಿಡಿಯುತ್ತದೆ. ಒಣಗಿದ ಬೆಲ್ಲಕ್ಕೆ ಗೋಣಿಯೊಳಗೆ ಪ್ಲಾಸ್ಟಿಕ್ ಹಾಸು ಒಳ್ಳೆಯದು. ಆದರೆ ಆಲೆಮನೆಯಿಂದ ಬಿಸಿಬಿಸಿಯಾಗಿ ಬಂದದ್ದನ್ನು ಹಾಗೆ ಕಟ್ಟಿಟ್ಟರೆ ಒಳಗೇ ಬೆವರಿ ಕೆಡುತ್ತದೆ. ಗಟ್ಟಿ ಬೆಲ್ಲದಲ್ಲಿ ನೀರಿನಂಶ ಇಷ್ಟು ಮೀರಬಾರದು ಅಂತ ಆಹಾರ ಕಾನೂನಿನಲ್ಲಿ ಮಿತಿ ಇದೆ. ಮೂಟೆ ಬಂದ ದಿನವೇ ಬೆರಳು ಒತ್ತಿ ನೋಡಿ. ಬೆರಳಿನ ಗುರುತು ಬಿದ್ದರೆ ಮಂಡಿಗೆ ಅವತ್ತೇ ಫೋನ್ ಮಾಡಿ, ಮೂರನೇ ವಾರ ಅಲ್ಲ.

ಮಾಗಿಯಲ್ಲಿ ಬಂದ ಗಟ್ಟಿ ಬೆಲ್ಲವೇ ಮಳೆಗಾಲ ದಾಟುವುದಕ್ಕೆ ಲಾಯಕ್ಕು. ಮಳೆಗಾಲದಲ್ಲಿ ಬೇಯಿಸಿದ್ದನ್ನು ಮೂಟೆಗಟ್ಟಲೆ ಕೂಡಿಡದೆ ಹದಿನೈದು ದಿನದ ಖರ್ಚಿಗೆ ಮಾತ್ರ ತರಿಸಿದರೆ ನಷ್ಟ ಕಮ್ಮಿ.

ಈಗಾಗಲೇ ಕರಗಿದ್ದನ್ನು ಏನು ಮಾಡುವುದು? ಬಿಸಿಲಿಗೆ ಹಾಕಬೇಡಿ, ಇನ್ನೂ ಮೆತ್ತಗಾಗುತ್ತದೆ. ವಾಸನೆ ನೋಡಿ. ಹುಳಿ ಬಂದಿಲ್ಲ, ಬೂಷ್ಟು ಇಲ್ಲ ಅಂದರೆ ಸ್ವಲ್ಪ ನೀರು ಹಾಕಿ ಕರಗಿಸಿ, ಬಟ್ಟೆಯಲ್ಲಿ ಶೋಧಿಸಿ, ಜೇನಿನ ಹದಕ್ಕೆ ಕಾಯಿಸಿ ಒಣ ಬಾಟಲಿಗೆ ತುಂಬಿ. ಪಾನಕಕ್ಕೆ, ಹುಳಿಗೆ, ದೋಸೆಗೆ ಆಗುತ್ತದೆ. ಹುಳಿ ಬಂದಿದ್ದರೆ ಬಾಯಿಗೆ ಬೇಡ. ಜೀವಾಮೃತ ಮಾಡುವ ರೈತರು ಅಂಥದ್ದನ್ನೇ ಕೇಳಿಕೊಂಡು ಬರುತ್ತಾರೆ. 200 ಲೀಟರ್ ನೀರಿಗೆ ಹತ್ತು ಕೆ.ಜಿ. ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡು ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಎರಡು ಕೆ.ಜಿ. ಬೆಲ್ಲ, ಒಂದು ಹಿಡಿ ಮಣ್ಣು. ಅಲ್ಲಿ ಹುಳಿಯೇ ಬೇಕಾದದ್ದು.

ಹನೂರು ದಾರಿಯಲ್ಲಿ

ಹನೂರು, ಕೌದಳ್ಳಿ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯ ಅಂಗಡಿಗಳಲ್ಲಿ ಬೆಲ್ಲಕ್ಕೆ ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳೇ ಸುಗ್ಗಿ. ನಡೆದುಕೊಂಡು ಹೋಗುವ ಪರಸೆಯವರಿಗೆ ದಾರಿಯುದ್ದಕ್ಕೂ ಪಾನಕ ಕೊಡುವವರು ಮೂಟೆಗಟ್ಟಲೆ ಒಯ್ಯುತ್ತಾರೆ. ಇನ್ನೂ ಆಚೆ ಮಾರ್ಟಳ್ಳಿ ಕಡೆ ತಮಿಳು ಮನೆಗಳಲ್ಲಿ ತಾಳೆಯ ಕರುಪಟ್ಟಿಯೂ ಗೊತ್ತು. ಗಡಿಯಾಚೆ ಈರೋಡು ಜಿಲ್ಲೆಯ ಕವುಂದಪಾಡಿ ಮಾರುಕಟ್ಟೆಯಿಂದ ಪಳನಿಯ ಪಂಚಾಮೃತಕ್ಕೆ ನಾಡು ಸಕ್ಕರೆ, ಅಂದರೆ ಬೆಲ್ಲದ ಪುಡಿ ಹೋಗುತ್ತದೆ. ಒಂದು ದೊಡ್ಡ ದೇವಸ್ಥಾನ ಕೊಳ್ಳುತ್ತದೆ ಅಂದರೆ ರೈತನಿಗೆ ಅದೊಂದು ಧೈರ್ಯ. ನಮ್ಮ ಬೆಟ್ಟಕ್ಕೂ ನಮ್ಮ ಆಲೆಮನೆಯ ಔಷಧಿ ಹಾಕದ ಬೆಲ್ಲವನ್ನೇ ಕೊಳ್ಳುವ ಒಂದು ಏರ್ಪಾಡು ಆಗಬಾರದೇ ಅಂತ ಸಂಬಂಧಪಟ್ಟವರನ್ನು ಕೇಳಬೇಕೆನಿಸುತ್ತದೆ.

ಕಪ್ಪು ಬೆಲ್ಲ ಮೂಟೆಗಟ್ಟಲೆ ಕೇಳುವ ಗುರುತಿಲ್ಲದ ಗಿರಾಕಿ ಬಂದರೆ ಮಾತ್ರ ಅಂಗಡಿಯವರು ಹುಷಾರಾಗಿರಬೇಕು. 2007ರ ಜುಲೈ ಒಂದರಿಂದ ರಾಜ್ಯದಲ್ಲಿ ಸಾರಾಯಿ ನಿಂತಿದೆ, ಕಳ್ಳಭಟ್ಟಿಗೆ ಕೊಳೆ ಹಾಕುವ ಚಾಳಿ ಎಲ್ಲ ಕಡೆಯೂ ನಿಂತಿಲ್ಲ. ಆಮೇಲೆ ಅಬಕಾರಿಯವರ ಮುಂದೆ ಕೈಕಟ್ಟಿ ನಿಲ್ಲುವುದು ಮಾರಿದವರೇ.

ತೆರಿಗೆಯ ಮಾತೂ ಒಂದಿದೆ. 2022ರ ಜುಲೈ 18ರಿಂದ, ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿದ ಬೆಲ್ಲಕ್ಕೆ ಶೇ. 5 ಜಿ.ಎಸ್.ಟಿ. ಬಂತು. ಬಿಡಿಯಾಗಿ ತೂಗಿ ಕೊಟ್ಟದ್ದಕ್ಕೆ ಹಾಕಲಿಲ್ಲ. ಹೀಗಾಗಿ ಕೊಳ್ಳೇಗಾಲದ ಚಿಕ್ಕ ಅಂಗಡಿಗಳಲ್ಲಿ ಇವತ್ತಿಗೂ ಬೆಲ್ಲ ಗೋಣಿಯಿಂದಲೇ ತಕ್ಕಡಿಗೆ ಬರುತ್ತದೆ. ಪೊಟ್ಟಣದಲ್ಲಿದ್ದರೆ ತೇವಕ್ಕೆ ಒಸಿ ತಡೆ ಸಿಗುತ್ತಿತ್ತು. ಆದರೆ ತೆರಿಗೆ ತಪ್ಪಿಸಿದ್ದು ಮಳೆಯಲ್ಲಿ ಕರಗುತ್ತದೆ ಅಂತ ಯಜಮಾನರೇ ನಕ್ಕರು.

ಮೂರು ದಿನ ಬಿಟ್ಟು ಮತ್ತೆ ಆ ಅಂಗಡಿ ಮುಂದೆ ಬಸ್ಸಿಗೆ ನಿಂತಿದ್ದೆವು. ಮೂಲೆಯಲ್ಲಿ ಹಲಗೆ ಬಂದಿತ್ತು. ಉಪ್ಪಿನ ಮೂಟೆ ಎದುರು ಗೋಡೆಗೆ ಹೋಗಿತ್ತು. ಕರಗಿದ ಬೆಲ್ಲವನ್ನು ಅಂಗಡಿಯ ಅಮ್ಮನವರು ಶೋಧಿಸಿ ಕಾಯಿಸಿ ಹದಿನಾಲ್ಕು ಬಾಟಲಿ ಮಾಡಿದ್ದರಂತೆ, ಹನ್ನೊಂದು ಖರ್ಚಾಗಿತ್ತು. ಕೆಂಚು ಉಂಡೆಯ ಮೂಟೆಯನ್ನು ಯಜಮಾನರು ಮುಂದಕ್ಕೆ ಎಳೆದು ಇಟ್ಟಿದ್ದರು. ಒಬ್ಬ ಹೆಣ್ಣುಮಗಳು ಬಂದು ಅದನ್ನೇ ಮುಟ್ಟಿ ನೋಡಿ, "ಅಣ್ಣ, ಹಳದಿ ಬೆಲ್ಲ ಇಲ್ವಾ?" ಅಂತ ಕೇಳಿದಳು. ಯಜಮಾನರು ನಮ್ಮ ಮುಖ ನೋಡಿದರು. "ಅದ ಕನವ್ವ, ಆದ್ರ ಇದ ಒಂದ್ ಚೂರು ಬಾಯಿಗ ಹಾಕ್ಕಂಡು ನೋಡವ್ವ ಮೊದ್ಲು" ಅಂದು ಉಂಡೆಯಿಂದ ಒಂದು ಚೂರು ಮುರಿದು ಕೊಟ್ಟರು. ಅಷ್ಟರಲ್ಲಿ ಹನೂರು ಬಸ್ಸು ಬಂತು. ಅವಳು ಯಾವುದು ಕೊಂಡಳೋ, ನಾವು ನೋಡಲಿಲ್ಲ.